ಮೂರನೇ ವಿಮಾನದ ಬೆಣೆ

ಫ್ಲೈಯಿಂಗ್ ಸ್ಕೂಲ್ ಹಾಸ್ಟೆಲ್, ಮಧ್ಯಪ್ರದೇಶ
4 ನವೆಂಬರ್ 2024

ಅಮ್ಮಾ,

ಮೊನ್ನೆ ಫೋನಿನಲ್ಲಿ "ಒಬ್ಳೇ ಹಾರ್ಸಿದೆ ಕಣಮ್ಮಾ" ಎಂದು ನಾಲ್ಕು ಸಲ ಕಿರುಚಿದೆ. ನೀನು ನಾಲ್ಕು ಸಲವೂ "ಊಟ ಆಯ್ತಾ" ಅಂದೆ. ಹಾಸ್ಟೆಲ್ಲಿನವರೆಲ್ಲ ಬಾಗಿಲು ತೆಗೆದು ನೋಡಿದರು. ನಿನ್ನ ಫ್ಯಾಕ್ಟರಿಯ ಆ ಪ್ರೆಸ್ ಮೆಷಿನ್ನುಗಳು ನಿನ್ನ ಕಿವಿಯನ್ನು ಪೂರ್ತಿ ತಿಂದು ಹಾಕಿವೆ. ಇನ್ನು ಮೇಲೆ ಏನಿದ್ದರೂ ಕಾಗದವೇ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೀನೇ ಫಸ್ಟ್ ಎಂದು ಕೊಚ್ಚಿಕೊಳ್ಳುತ್ತೀಯಲ್ಲ, ಈಗ ಬರೆದು ತೋರಿಸು.

ದೂರದ ಊರಿನವರೆಗೆ ಒಬ್ಬಳೇ ಹೋಗಿ ಬಂದೆ. ಪಕ್ಕದ ಸೀಟು ಖಾಲಿ. ರೇಡಿಯೋದಲ್ಲಿ ಯಾರು ಯಾರಿಗೋ ಹೇಳುವ ಮಾತು ಕೇಳುತ್ತಿರುತ್ತದೆ, ನನಗೆ ಅಂತ ಹೇಳುವ ಮಾತು ಬಹಳ ಹೊತ್ತು ಇರುವುದೇ ಇಲ್ಲ. ಕೆಳಗೆ ಯಾರದೋ ಹೊಲ, ಯಾವುದೋ ಊರು. ನಾಯಂಡಹಳ್ಳಿಯಲ್ಲಿ ಅಪ್ಪನ ಪಾಲಿನ ಜಾಗ ಮೆಟ್ರೋಗೆ ಹೋಗಿ ಪರಿಹಾರದ ಹಣ ಬರದಿದ್ದರೆ ನಾನು ಇಲ್ಲಿ ಇರುತ್ತಲೇ ಇರಲಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದು ನೆನೆದು ಅಳು ಬಂತು. ವಿಮಾನದಲ್ಲಿ ಅತ್ತರೆ ಕಣ್ಣೊರೆಸಿಕೊಳ್ಳುವುದಕ್ಕೂ ಕೈ ಬಿಡುವಿರುವುದಿಲ್ಲ.

ನನ್ನ ರೂಮಿನಲ್ಲಿರುವವಳು ಶಿವರಂಜನಿ, ದಾವಣಗೆರೆ ಕಡೆಯವಳು. ಮಾತಾಡಿದರೆ ನಮ್ಮ ಪಕ್ಕದ ಮನೆಯ ನೀಲಮ್ಮ ಆಂಟಿಯೇ ಮಾತಾಡಿದ ಹಾಗಿರುತ್ತದೆ. ಇಡೀ ಸ್ಕೂಲಿನಲ್ಲಿ ಕನ್ನಡದವರು ನಾವಿಬ್ಬರೇ, ಗಿಡ್ಡಿಯರೂ ನಾವಿಬ್ಬರೇ. ವಿಮಾನದ ಸೀಟು ಕಾರಿನ ಸೀಟಿನ ಹಾಗೆ ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಹಳಿಯಲ್ಲಿ ಸಾಲಾಗಿ ತೂತುಗಳಿವೆ. ಪಿನ್ನು ತೂತಿಗೆ ಇಳಿದರೆ ಸೀಟು ಲಾಕ್. ನಮ್ಮ ಕಾಲು ಪೆಡಲ್ಲಿಗೆ ಎಟುಕಬೇಕಾದರೆ ತೀರಾ ಮುಂದಿನ ತೂತೇ ಆಗಬೇಕು. ಮೂರನೇ ನಂಬರಿನ ವಿಮಾನದಲ್ಲಿ ಆ ತೂತು ಸವೆದಿದೆ. ಅಲ್ಲಾಡಿಸಿ ನೋಡಿದರೆ ನಿಂತಿರುತ್ತದೆ, ಟೇಕಾಫಿನಲ್ಲಿ ಮೂತಿ ಮೇಲೆದ್ದಾಗ ಮಾತ್ರ ಪಿನ್ನು ಹಾರಿಬಿಡುತ್ತದೆ. ಹೋದ ವಾರ ನಾನು ನಾಲ್ಕು ಬೆರಳಿನಷ್ಟು ಹಿಂದೆ ಜಾರಿದೆ.

ಗಾಬರಿಯಾಗಬೇಡ, ಉಪಾಯ ಮಾಡಿದ್ದೇನೆ. ಬಾಗಿಲಿಗೆ ಒಡ್ಡುವ ಮರದ ತುಂಡನ್ನು ನೆಲಕ್ಕೆ ತಿಕ್ಕಿ ತಿಕ್ಕಿ ಸಣ್ಣ ಬೆಣೆ ಮಾಡಿ, ಸೀಟಿನ ಹಿಂಗಾಲಿಗೆ ಕೊಟ್ಟೆ. ಅಲ್ಲಾಡುವುದಿಲ್ಲ! ನಾನು ಇಳಿದ ಮೇಲೆ ರಂಜನಿಗೆ ಕೊಡುತ್ತೇನೆ, ಅವಳು ಇಳಿದು ನನಗೆ ಕೊಡುತ್ತಾಳೆ. "ನಿಮ್ಮವ್ವ ಇಂಜಿನಿಯರೇನಲೇ?" ಎಂದು ಕೇಳಿದಳು. ನಮ್ಮ ಬೀರುವಿನ ಕಾಲಿಗೆ ಬೆಣೆ ಕೊಟ್ಟವಳು ನೀನೇ ಎಂದು ಹೇಳಿದೆ.

ನಿನ್ನ ಚೈತ್ರ


ಲಗ್ಗೆರೆ
14 ನವೆಂಬರ್ 2024

ಚೈತ್ರಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಎರಡು ಸಲ ಬರೆದೆ, ಎರಡು ಸಲ ಹರಿದೆ. ನೀಲಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಬೆಣೆಯ ಭಾಗ ಓದಲಿಲ್ಲ.

ಆ ಬೆಣೆಯನ್ನು ಈ ಕಾಗದ ಸಿಕ್ಕಿದ ದಿನವೇ ಎಸೆ. ಇನ್ನೊಬ್ಬರ ಕೈಗೆ ಸಿಗದ ಹಾಗೆ ಎಸೆ. ಯಾಕೆ ಏನು ಎಂದು ನನ್ನನ್ನು ಕೇಳಬೇಡ. ರಿಪೇರಿಯವರಿಗೆ ಸೀಟಿನ ವಿಷಯ ಹೇಳು. ಆದರೆ ಬಾಯಿ ಜೋರು ಮಾಡಬೇಡ, ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ. ಅಷ್ಟು ದೂರ ಹೋಗಿದ್ದೀಯ, ಕೋರ್ಸು ಮುಗಿಸಿಕೊಂಡು ಬರುವುದು ಮುಖ್ಯ.

ನಿಮ್ಮಪ್ಪನ ಆಣೆ ಇಟ್ಟು ಹೇಳುತ್ತಿದ್ದೇನೆ, ಎಸೆ.

ಅಮ್ಮ


ಹಾಸ್ಟೆಲ್
23 ನವೆಂಬರ್ 2024

ಅಮ್ಮಾ,

ಎಸೆದೆ. ರನ್‌ವೇ ಪಕ್ಕದ ಜಾಲಿ ಪೊದೆಗೆ ಬಿಸಾಡಿ ಬಂದೆ. ಸಮಾಧಾನವಾಯಿತಾ?

ನನಗೆ ಬೇಜಾರಾಯಿತು ಎಂದು ಮುಚ್ಚಿಡುವುದಿಲ್ಲ. ಒಬ್ಬಳೇ ದೂರ ಹೋಗಿ ಬಂದೆ ಎಂದು ಎರಡು ಪುಟ ಬರೆದರೆ, ಅದಕ್ಕೆ ನಿನ್ನ ಕಡೆಯಿಂದ ಒಂದು ಸಾಲಿಲ್ಲ. ಆಣೆ, ಅಪ್ಪಣೆ ಎರಡೇ. ವಿಮಾನದ ವಿಷಯ ನಿನಗೆ ಗೊತ್ತಿಲ್ಲ, ಅದಕ್ಕೇ ಹೆದರುತ್ತೀಯ. ಅದು ನನಗೆ ಅರ್ಥವಾಗುತ್ತದೆ.

ರಿಪೇರಿಯ ಇಂಜಿನಿಯರಿಗೆ ಸೀಟಿನ ವಿಷಯ ಹೇಳಿದೆ. ಟೀ ಕುಡಿಯುತ್ತಾ ನೋಡೋಣ ಎಂದು ತಲೆಯಾಡಿಸಿದರು. ಬರೆಯಲಿಲ್ಲ. ಪ್ರತಿ ವಿಮಾನಕ್ಕೂ ಟೆಕ್ ಲಾಗ್ ಎಂಬ ಪುಸ್ತಕ ಇರುತ್ತದೆ. ಕೆಟ್ಟಿದೆ ಎಂದು ಅದರಲ್ಲಿ ಒಂದು ಸಾಲು ಬರೆದರೆ, ಸರಿ ಮಾಡಿ ಸಹಿ ಹಾಕುವವರೆಗೆ ಆ ವಿಮಾನ ಹಾರುವ ಹಾಗಿಲ್ಲ. ಇರುವ ಐದರಲ್ಲಿ ಎರಡು ಆಗಲೇ ಷೆಡ್ಡಿನಲ್ಲಿ ಮಲಗಿವೆ. ಮೂರನೆಯದನ್ನೂ ಮಲಗಿಸಿದವಳು ಎಂದರೆ ಮೂವತ್ತು ಹುಡುಗರೂ ನನ್ನನ್ನು ಹರಿದು ತಿನ್ನುತ್ತಾರೆ. ಎಲ್ಲರಿಗೂ ಲೈಸೆನ್ಸಿಗೆ ಬೇಕಾದ ಹಾರಾಟದ ಗಂಟೆ ತುಂಬಬೇಕು. ಹೋದ ವರ್ಷ ಬರೆದ ಒಬ್ಬನಿಗೆ ಎರಡು ತಿಂಗಳು ಸರದಿಯೇ ಬರಲಿಲ್ಲವಂತೆ. ಬಾಯಿ ಜೋರು ಮಾಡಬೇಡ ಎಂದು ನೀನೇ ಹೇಳಿದ್ದೀಯ.

"ಬೆಣೆ ಎಲ್ಲಿ?" ಎಂದು ರಂಜನಿ ಕೇಳಿದಳು. "ಬೇಕಾಗಿಲ್ಲ, ಇಂಜಿನಿಯರ್‌ಗೆ ಹೇಳಿದೀನಿ" ಅಂದೆ.

ಚೈತ್ರ


ಲಗ್ಗೆರೆ
3 ಡಿಸೆಂಬರ್ 2024

ಮಗಳೇ,

ಕೋಪ ಬಿಡು. ನೀನು ಒಬ್ಬಳೇ ಹಾರಿದ ವಿಷಯವನ್ನು ಈ ಬೀದಿಯಲ್ಲಿ ಯಾರಿಗೆ ಹೇಳಿಲ್ಲ ಕೇಳು. ತರಕಾರಿಯ ಬೈರಯ್ಯನವರಿಗೆ ಹೇಳಿದರೆ, "ಮೇಲಿಂದ ನಮ್ ಲಗ್ಗೆರೆ ಬ್ರಿಡ್ಜ್ ಟ್ರಾಫಿಕ್ ಕಾಣ್ತದಾ ಕೇಳಮ್ಮ" ಅಂದರು. ನನಗೆ ಕಾಗದದಲ್ಲಿ ಮೆಚ್ಚಿ ಬರೆಯುವುದಕ್ಕೆ ಬರುವುದಿಲ್ಲ ಕಣೇ. ಕನ್ನಡಕ್ಕೆ ಫಸ್ಟ್ ಬಂದಿದ್ದು ವ್ಯಾಕರಣದಲ್ಲಿ.

ಇಲ್ಲಿ ಎಲ್ಲ ಹಾಗೇ ಇದೆ. ಬೆಳಗ್ಗೆ ಎಂಟಕ್ಕೆ ಹೋಗುತ್ತೇನೆ, ಐದಕ್ಕೆ ಬರುತ್ತೇನೆ. ಬಂದ ಮೇಲೂ ಕಿವಿಯಲ್ಲಿ ಮೆಷಿನ್ನು ಹೊಡೆಯುತ್ತಲೇ ಇರುತ್ತದೆ. ನಿನ್ನ ಹಾಸಿಗೆಯನ್ನು ಸುತ್ತಿಟ್ಟಿದ್ದೆ, ಮನೆ ತೀರಾ ಬಿಕೋ ಅಂದಿದ್ದಕ್ಕೆ ಮತ್ತೆ ಹಾಸಿದೆ. ಸಂಜೆ ನೀಲಮ್ಮ ಎರಡು ಜೋಳದ ರೊಟ್ಟಿ ತಂದುಕೊಡುತ್ತಾಳೆ. ಎಡಗೈಯಲ್ಲಿ ಎರಡೇ ಬೆರಳು ಇಟ್ಟುಕೊಂಡು ಎಷ್ಟು ದುಂಡಗೆ ತಟ್ಟುತ್ತಾಳೆ ಎಂದು ದಿನಾ ನೋಡುತ್ತೇನೆ. ಒಂದೊಂದು ದಿನ ರೊಟ್ಟಿಯನ್ನು ಮುರಿಯದೆ ಹಾಗೇ ಎತ್ತಿಟ್ಟುಬಿಡುತ್ತೇನೆ.

ಬೆಣೆ ಎಸೆದೆಯಲ್ಲ, ಅಷ್ಟು ಸಾಕು. ಆ ವಿಷಯ ಇನ್ನು ಬೇಡ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಅಮ್ಮ


ಲಗ್ಗೆರೆ
21 ಡಿಸೆಂಬರ್ 2024

ಚೈತ್ರಾ,

ಇಪ್ಪತ್ತೆಂಟು ದಿನದಿಂದ ನಿನ್ನ ಕಾಗದವಿಲ್ಲ. ಫೋನಿನಲ್ಲಿ ಏನೋ ಹೇಳುತ್ತೀಯ, ನನಗೆ ಗಾಳಿ ಬೀಸಿದ ಸದ್ದಷ್ಟೇ ಕೇಳುತ್ತದೆ. ನಿನ್ನೆ ಫೋನನ್ನು ನೀಲಮ್ಮನ ಕಿವಿಗೆ ಕೊಟ್ಟೆ. "ಆರಾಮ್ ಅದಾಳಂತ" ಅಂದಳು. ಆದರೆ ಅವಳ ಮುಖ ನೋಡಿದೆ ಕಣೇ. ಕಿವಿ ಹೋದವಳಿಗೆ ಮುಖ ಚೆನ್ನಾಗಿ ಕೇಳಿಸುತ್ತದೆ. ನೀನು ಅಳುತ್ತಿದ್ದೆಯಾ?

ನಾಲ್ಕು ಸಾಲಾದರೂ ಬರಿ. ಬೈದಾದರೂ ಬರಿ.

ಅಮ್ಮ


ಹಾಸ್ಟೆಲ್
27 ಡಿಸೆಂಬರ್ 2024

ಅಮ್ಮಾ,

ಡಿಸೆಂಬರ್ ಹನ್ನೆರಡಕ್ಕೆ ರಂಜನಿಯ ವಿಮಾನ ಬಿತ್ತು. ಮೂರನೇ ನಂಬರು.

ಬದುಕಿದ್ದಾಳೆ. ಬೆನ್ನುಮೂಳೆ ಮುರಿದಿದೆ, ಬಲಗಾಲಿನಲ್ಲಿ ರಾಡ್ ಹಾಕಿದ್ದಾರೆ. ಕಾಲಿಗೆ ಮತ್ತೆ ಶಕ್ತಿ ಬರುತ್ತದೋ ಇಲ್ಲವೋ, ಡಾಕ್ಟರು ಬಾಯಿ ಬಿಡುತ್ತಿಲ್ಲ. ಬೆಳಗ್ಗೆ ಏಳೂವರೆಗೆ ಒಬ್ಬಳೇ ಟೇಕಾಫ್ ಮಾಡಿದಳು. ನಾನು ಸರದಿ ಕಾಯುತ್ತಾ ಹೊರಗೆ ನಿಂತಿದ್ದೆ. ನೆಲ ಬಿಟ್ಟು ಮೂರಾಳು ಎತ್ತರ ಹೋಗಿರಬೇಕು, ಮೂತಿ ಸಡನ್ನಾಗಿ ಆಕಾಶಕ್ಕೆ ಎದ್ದಿತು. ಸೀಟು ಹಿಂದಕ್ಕೆ ಜಾರಿದರೆ ಹಿಡಿದುಕೊಳ್ಳಲು ಕೈಗೆ ಸಿಗುವುದು ಎದುರಿನ ಸ್ಟೀರಿಂಗ್ ಚಕ್ರ ಒಂದೇ. ಅದನ್ನು ಎಳೆದರೆ ವಿಮಾನ ಇನ್ನೂ ಮೇಲಕ್ಕೆ ಮೂತಿ ಎತ್ತುತ್ತದೆ, ವೇಗ ಸತ್ತುಹೋಗುತ್ತದೆ. ಎಡಕ್ಕೆ ವಾಲಿ ರೆಕ್ಕೆಯ ಮೇಲೆ ಬಿತ್ತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ ಅಮ್ಮಾ. ಡಬ್ಬ ಬಿದ್ದಷ್ಟೇ.

ಅವಳು ಸೀಟು ಲಾಕ್ ಮಾಡಿಕೊಂಡಿರಲಿಲ್ಲ ಎಂದು ಸ್ಕೂಲಿನವರು ಬರೆಯುತ್ತಿದ್ದಾರೆ. ನಮ್ಮೆಲ್ಲರಿಗೂ ಒಂದು ಹೇಳಿಕೆ ಕೊಟ್ಟಿದ್ದಾರೆ: ಆ ವಿಮಾನದಲ್ಲಿ ಯಾವ ದೋಷವನ್ನೂ ನಾನು ಗಮನಿಸಿಲ್ಲ ಎಂದು. ಇಪ್ಪತ್ತಾರು ಜನ ಸಹಿ ಮಾಡಿದ್ದಾರೆ. ತನಿಖೆಯವರು ಜನವರಿ ಕೊನೆಗೆ ಬರುತ್ತಾರೆ, ಅಷ್ಟರಲ್ಲಿ ನಾನೂ ಮಾಡಬೇಕು. ಗೊತ್ತಿತ್ತು ಎಂದು ಬರೆದರೆ, ಗೊತ್ತಿದ್ದೂ ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ ಎಂದು ಮೊದಲು ನನ್ನನ್ನೇ ಕೇಳುತ್ತಾರೆ. ಹಾರಾಟ ನಿಲ್ಲಿಸುತ್ತಾರೆ, ಲೈಸೆನ್ಸ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅಪ್ಪನ ಜಾಗವೂ ಹೋಯಿತು, ಇದೂ ಹೋಗುತ್ತದೆ.

ಆಸ್ಪತ್ರೆಗೆ ಹೋದಾಗಲೆಲ್ಲ ಅವಳು ಕೇಳುವುದು ಒಂದೇ ಮಾತು. "ನಾನು ಲಾಕ್ ಮಾಡಿದ್ದೆನೋ ಇಲ್ಲೋ? ನೆನಪಾಗವಲ್ದು." ನಾನು ಜ್ಯೂಸ್ ಬಗ್ಗಿಸಿ ಕೊಡುತ್ತೇನೆ.

ಬೆಣೆ ಇದ್ದಿದ್ದರೆ ಬೀಳುತ್ತಿರಲಿಲ್ಲ. ನೀನು ಎಸೆ ಅಂದೆ, ನಾನು ಎಸೆದೆ. ಯಾಕೆ ಅಂತಲೂ ಹೇಳಲಿಲ್ಲ ನೀನು.

ಚೈತ್ರ


ಲಗ್ಗೆರೆ
4 ಜನವರಿ 2025

ಚೈತ್ರಾ,

ಹೇಳುತ್ತೇನೆ. ಹರಿದು ಹಾಕಿದ ಆ ಎರಡು ಕಾಗದಗಳಲ್ಲಿ ಇದ್ದಿದ್ದೂ ಇದೇ.

ನಮ್ಮ ಪ್ರೆಸ್ ಮೆಷಿನ್ನಿಗೆ ಎರಡು ಬಟನ್. ಎರಡು ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಹೊಡೆಯುತ್ತದೆ. ಕೈ ಒಳಗೆ ಇರಬಾರದು ಎಂದೇ ಹಾಗೆ ಮಾಡಿರುವುದು. ಆದರೆ ಹಾಗೆ ಮಾಡಿದರೆ ಕೆಲಸ ಸಾಗುವುದಿಲ್ಲ. ಅದಕ್ಕೆ ನಾವು ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ ಎಡಗಡೆ ಬಟನ್ನಿನ ಸಂದಿಗೆ ತುರುಕಿ ಬಿಡುತ್ತಿದ್ದೆವು. ಅದು ಒತ್ತಿಕೊಂಡೇ ಇರುತ್ತದೆ, ಬಲಗೈ ಒಂದೇ ಸಾಕು. ಎಡಗೈ ಮಾಲು ಇಡುತ್ತಾ ತೆಗೆಯುತ್ತಾ ಇರಬಹುದು. ಅದರಲ್ಲಿ ನಾನು ಎತ್ತಿದ ಕೈ. ಹತ್ತು ಜನರಲ್ಲಿ ನಾನೇ ಮುಂದೆ.

ನೀನು ಮೂರನೇ ಕ್ಲಾಸು. ನಿನಗೆ ಜ್ವರ ಎಂದು ಸ್ಕೂಲಿನಿಂದ ಫೋನ್ ಬಂತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಚಪ್ಪಲಿ ತುಂಡು ಬಟನ್ನಿನಲ್ಲೇ ಉಳಿಯಿತು. ಸೂಪರ್‌ವೈಸರ್ ಮಧುಕುಮಾರ್ ನನ್ನ ಮೆಷಿನ್ನಿಗೆ ನೀಲಮ್ಮನನ್ನು ಕೂರಿಸಿದ. ಅವಳು ಪ್ಯಾಕಿಂಗಿನವಳು, ಎರಡು ಕೈ ಒತ್ತದೆ ಮೆಷಿನ್ನು ಹೊಡೆಯುವುದಿಲ್ಲ ಎಂದು ನಂಬಿದ್ದಳು. ಎಡಗೈ ಒಳಗೆ ಇಟ್ಟು ಮಾಲು ಸರಿ ಮಾಡುತ್ತಿದ್ದಳು, ಬಲಗೈ ಸುಮ್ಮನೆ ಬಟನ್ನಿಗೆ ತಾಗಿತು.

ಮೂರು ಬೆರಳು ಚೈತ್ರಾ. ನಾನು ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ ಆಗ.

ಮಾರನೇ ದಿನ ಹೋದರೆ ಚಪ್ಪಲಿ ತುಂಡು ಇರಲಿಲ್ಲ. ಮಧುಕುಮಾರ್ ತೆಗೆದು ಜೇಬಿಗೆ ಹಾಕಿಕೊಂಡಿದ್ದ. "ಲಿಂಗಮ್ಮ, ನೀವು ಬಾಯಿ ಬಿಡ್ಬೇಡಿ. ನಿಮಗೂ ಮಗು ಇದೆ" ಅಂದ. ನೀಲಮ್ಮ ಅಜಾಗರೂಕತೆಯಿಂದ ಕೈ ಹಾಕಿದಳು ಎಂದು ಬರೆದು ಅವಳ ಹತ್ತಿರವೇ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹದಿನಾಲ್ಕು ವರ್ಷದಿಂದ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೇನೆ.

ನೀನು ಬೆಣೆ ಎಂದು ಬರೆದಾಗ ನನ್ನ ಕಣ್ಣಿಗೆ ಆ ಚಪ್ಪಲಿ ತುಂಡೇ ಕಂಡಿತು. ಎಸೆ ಎಂದು ಬರೆದೆ. ಪುಸ್ತಕದಲ್ಲಿ ಬರಿ ಎಂದು ಬರೆಯಬೇಕಾಗಿತ್ತು. ಬಾಯಿ ಜೋರು ಮಾಡಬೇಡ ಎಂದು ಬರೆದೆನಲ್ಲ, ನನ್ನ ಕೈ ಕಡಿದು ಹಾಕಬೇಕು. ರಂಜನಿಯನ್ನು ಹೆತ್ತವಳು ಎಲ್ಲಿದ್ದಾಳೋ, ಅವಳಿಗೆ ನಾನು ಯಾವ ಮುಖ ತೋರಿಸಲಿ?

ಆ ಕಾಗದಕ್ಕೆ ಸಹಿ ಹಾಕಬೇಡ ಮಗಳೇ. ಲೈಸೆನ್ಸ್ ಹೋದರೆ ಹೋಗಲಿ.

ಅಮ್ಮ


ಹಾಸ್ಟೆಲ್
12 ಜನವರಿ 2025

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾನೂ ಒಂದು ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಬೆಣೆ ಎಸೆದ ಮೇಲೆ ನಾನು ಮೂರನೇ ವಿಮಾನ ಹತ್ತಲೇ ಇಲ್ಲ. ಹೊಟ್ಟೆನೋವು ಎಂದೆ, ಸರದಿ ಬದಲಾಯಿಸಿಕೊಂಡೆ, ಹೇಗೋ ಮಾಡಿ ತಪ್ಪಿಸಿಕೊಂಡೆ. ಡಿಸೆಂಬರ್ ಹನ್ನೆರಡರ ಬೆಳಗ್ಗೆ ಏಳೂವರೆಗೆ ಆ ವಿಮಾನ ನನ್ನ ಹೆಸರಿಗೇ ಇತ್ತು, ಒಂಬತ್ತಕ್ಕೆ ರಂಜನಿಗೆ ಬೇರೆ ವಿಮಾನ. ಹಿಂದಿನ ದಿನ "ನಂಗೆ ಒಂಬತ್ತಕ್ಕೆ ಬೇಕು, ನೀನು ಏಳೂವರೆಗೆ ತಗೊಳ್ಳೇ" ಎಂದು ರಂಜನಿಗೆ ಹೇಳಿ ಸರದಿ ಬದಲಾಯಿಸಿದವಳು ನಾನು. "ಥ್ಯಾಂಕ್ಸ್ ಕಣಲೇ" ಅಂದಳು.

ಹಾಗಾಗಿ ನಿನ್ನ ಮೇಲೆ ಹಾಕಿದ ತಪ್ಪನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ಸಹಿ ಇನ್ನೂ ಹಾಕಿಲ್ಲ, ಬೇರೆ ಹೇಳಿಕೆಯನ್ನೂ ಬರೆದಿಲ್ಲ. ಪೆನ್ನು ಹಿಡಿದು ಕೂರುತ್ತೇನೆ, ಎದ್ದು ಬರುತ್ತೇನೆ. ಮೆಸ್ಸಿನಲ್ಲಿ ನಾನು ಕೂತ ಟೇಬಲ್ಲಿಗೆ ಯಾರೂ ಬರುವುದಿಲ್ಲ. ಎದುರಿನ ಮಂಚದ ಮೇಲೆ ಅವಳ ಟವೆಲ್ ಹಾಗೇ ಬಿದ್ದಿದೆ, ಮಡಚುವುದಕ್ಕೂ ಧೈರ್ಯವಿಲ್ಲ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀಲಮ್ಮ ಆಂಟಿಗೆ ಹೇಳಿದೆಯಾ? ಗೋಡೆಯ ಆಚೆ ಇರುವವರಿಗೆ ಹದಿನಾಲ್ಕು ವರ್ಷದಲ್ಲಿ ನಿನಗೆ ಹೇಳಲು ಆಗಲಿಲ್ಲ. ನನಗೆ ಮಾತ್ರ ಲೈಸೆನ್ಸ್ ಹೋದರೆ ಹೋಗಲಿ ಅನ್ನುತ್ತೀಯ.

ಚೈತ್ರ


ಲಗ್ಗೆರೆ
19 ಜನವರಿ 2025

ಚೈತ್ರಾ,

ಹೇಳಿದೆ. ನಿನ್ನ ಕಾಗದ ಬಂದ ಸಂಜೆಯೇ ಹೋದೆ. ಅವಳು ಹಿಟ್ಟು ನಾದುತ್ತಿದ್ದಳು. ಅವಳ ಗಂಡ ಕರಿಬಸಪ್ಪ ಟಿವಿ ನೋಡುತ್ತಿದ್ದ. ಅವನ ಎದುರಿಗೇ ಹೇಳಿದೆ, ಯಾಕೆಂದರೆ "ಕನಸು ಕಾಣ್ಕೋತ ಕೈ ಕೊಟ್ಟಾಕಿ" ಎಂದು ಹದಿನಾಲ್ಕು ವರ್ಷ ಅವಳನ್ನು ಆಡಿಕೊಂಡವನು ಅವನೇ. ಚಪ್ಪಲಿ ತುಂಡು, ಮಧುಕುಮಾರ್, ಹೆಬ್ಬೆಟ್ಟು, ಒಂದೂ ಬಿಡಲಿಲ್ಲ. ನನ್ನ ದನಿ ಎಷ್ಟು ಜೋರಿತ್ತೋ ನನಗೆ ಗೊತ್ತಾಗುವುದಿಲ್ಲವಲ್ಲ, ಬೀದಿಗೆಲ್ಲ ಕೇಳಿರಬೇಕು.

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಎರಡು ಬೆರಳನ್ನೇ ನೋಡುತ್ತಾ ಕೂತಳು. ಆಮೇಲೆ ನನಗೆ ಕೇಳಲಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನಂಗ ನಿದ್ದಿ ಬಂದಿತ್ತೇನೋ ಅನ್ಕೊಂಡಿದ್ದೆ ಲಿಂಗವ್ವ. ಇಷ್ಟು ವರ್ಷ ನನ್ನ ಕೈನಾ ನಾನಾ ಬೈಕೊಂಡೀನಿ. ಹಂಗಾರ ನಂದು ತಪ್ಪಿದ್ದಿಲ್ಲ."

ಎದ್ದು ಹೋಗಿ ಟಿವಿ ಆರಿಸಿದಳು. ಗಂಡನ ಎದುರು ನಿಂತು ಮತ್ತೆ ಅದನ್ನೇ ಹೇಳಿದಳು, ನಂದು ತಪ್ಪಿದ್ದಿಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿ ಬಾಗಿಲು ತೋರಿಸಿದಳು.

ನಾಲ್ಕು ದಿನವಾಯಿತು, ರೊಟ್ಟಿ ಬಂದಿಲ್ಲ. ಬರುವುದೂ ಇಲ್ಲ ಎಂದು ನನಗೆ ಗೊತ್ತು. ಸಂಜೆ ಅಭ್ಯಾಸಕ್ಕೆ ಅವಳಿಗೂ ಸೇರಿ ಎರಡು ತಟ್ಟೆ ತೆಗೆದಿಟ್ಟು, ಒಂದನ್ನು ವಾಪಸ್ಸು ಇಡುತ್ತೇನೆ. ಇಷ್ಟು ಒಂಟಿ ನಾನು ನಿಮ್ಮಪ್ಪ ಹೋದಾಗಲೂ ಇರಲಿಲ್ಲ, ಆಗ ನೀಲಮ್ಮ ಇದ್ದಳು. ಆದರೂ ಹೇಳಬಾರದಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ. ಇನ್ನೂ ಮೊದಲೇ ಹೇಳಬೇಕಿತ್ತು ಎಂದೇ ಅನ್ನಿಸುತ್ತದೆ.

ನಿನಗೆ ಇನ್ನು ನಾನು ಏನೂ ಹೇಳುವುದಿಲ್ಲ. ನಿನಗೆ ತೋಚಿದ ಹಾಗೆ ಮಾಡು.

ಅಮ್ಮ


ಜಿಲ್ಲಾ ಆಸ್ಪತ್ರೆ, ವಾರ್ಡಿನ ಹೊರಗೆ
27 ಜನವರಿ 2025

ಅಮ್ಮಾ,

ಬರೆದುಕೊಟ್ಟೆ. ನಾಲ್ಕು ಪುಟ. ಸವೆದ ತೂತು, ಬೆಣೆ, ಟೀ ಕುಡಿಯುತ್ತಾ ನೋಡೋಣ ಎಂದ ಇಂಜಿನಿಯರು, ನಾನು ಬದಲಾಯಿಸಿದ ಸರದಿ. ತನಿಖೆಗೆ ಬಂದ ಇಬ್ಬರು ನನ್ನ ಜತೆ ಷೆಡ್ಡಿಗೆ ಬಂದು ಹಳಿಯನ್ನು ಬಿಚ್ಚಿಸಿದರು. ಮುಂದಿನ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಫೋಟೋ ತೆಗೆದುಕೊಂಡರು. ಆಮೇಲೆ ಜಾಲಿ ಪೊದೆಯಲ್ಲಿ ಅರ್ಧ ಗಂಟೆ ಹುಡುಕಿ ಬೆಣೆಯನ್ನೂ ತಂದುಕೊಟ್ಟೆ. ಕೈಯೆಲ್ಲ ಮುಳ್ಳು ಗೀಚಿದೆ.

ವಿಚಾರಣೆ ಮುಗಿಯುವವರೆಗೆ ನನ್ನ ಹಾರಾಟ ನಿಂತಿದೆ. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ರೂಮು ಖಾಲಿ ಮಾಡು ಎಂದಿದ್ದಾರೆ.

ಅಲ್ಲಿಂದ ಸೀದಾ ಇಲ್ಲಿಗೆ ಬಂದೆ. ರಂಜನಿ ಎಂದಿನಂತೆ ಕೇಳಿದಳು, ನಾನು ಲಾಕ್ ಮಾಡಿದ್ದೆನೋ ಇಲ್ಲೋ ಎಂದು. ಈ ಸಲ ಜ್ಯೂಸ್ ಬಗ್ಗಿಸಲಿಲ್ಲ. "ನೀನು ಮಾಡಿದ್ದೆ ಕಣೇ, ಆ ತೂತು ಸವೆದೇ ಇತ್ತು" ಅಂದೆ. ಉಳಿದದ್ದನ್ನೂ ಹೇಳಿದೆ, ಸರದಿಯ ವಿಷಯವನ್ನೂ. ಅವಳು ಚಾವಣಿ ನೋಡುತ್ತಲೇ ಇದ್ದಳು, ಕುತ್ತಿಗೆ ತಿರುಗಿಸಲು ಅವಳಿಗೆ ಆಗುವುದಿಲ್ಲ. ಕಣ್ಣೀರು ಎರಡೂ ಕಿವಿಯ ಕಡೆಗೆ ಇಳಿಯಿತು. ಒರೆಸಲು ಹೋದೆ. "ಮುಟ್ಟಬ್ಯಾಡ" ಅಂದಳು. ನರ್ಸನ್ನು ಕರೆದು, ಅವರಪ್ಪನಿಗೆ ಫೋನ್ ಹಚ್ಚಿಸಿ ಕಿವಿಯ ಹತ್ತಿರ ಇಡಿಸಿಕೊಂಡಳು.

"ಅಪ್ಪಾ, ನಾನು ಲಾಕ್ ಮಾಡಿದ್ನಂತ. ನಾನು ಮಾಡಿದ್ದೆನಪ್ಪಾ."

ನನ್ನನ್ನು ಹೊರಗೆ ಹೋಗು ಅಂದಳು, ಬಂದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಊರಿಗೆ ಹೋಗಿರುವ ಅವರಪ್ಪ ನಾಳೆ ವಾಪಸ್ಸು ಬರುತ್ತಾರಂತೆ. ಅವರನ್ನೂ ನೋಡಿ, ಅವರು ಏನು ಅನ್ನುತ್ತಾರೋ ಅನ್ನಿಸಿಕೊಂಡು, ಆಮೇಲೆ ರೈಲು ಹತ್ತುತ್ತೇನೆ.

ನನ್ನ ಹಾಸಿಗೆ ಸುತ್ತಿಡಬೇಡ. ಎರಡನೇ ತಟ್ಟೆಯನ್ನೂ ವಾಪಸ್ಸು ಇಡಬೇಡ.

ಚೈತ್ರ